ನಾನು ಭಾಯಿ ಆಗಿದ್ದ ಮೂರು ವರ್ಷ

ಅವಳ ಮೊದಲ ಪ್ಯಾಚ್‌ಗೆ ಹನ್ನೊಂದು ಜನ ಉತ್ತರ ಬರೆದರು. ನಾನು ಎಣಿಸಿದ್ದೆ. ಅದಕ್ಕೂ ಮೂರು ವರ್ಷ ಮೊದಲು ನನ್ನ ಮೊದಲ ಪ್ಯಾಚ್‌ಗೆ ಉತ್ತರ ಬರೆದವನು ಒಬ್ಬನೇ, ಅದೂ ಒಂದೇ ಸಾಲು: "ಭಾಯಿ, ಮೊದಲು ಓದಿಕೊಂಡು ಬಾ, ಆಮೇಲೆ ನಮ್ಮ ತಲೆ ತಿನ್ನು." ಅವಳಿಗೆ ಬಂದ ಹನ್ನೊಂದು ಸ್ವಾಗತಗಳನ್ನು ನಾನು ಹೊಟ್ಟೆಕಿಚ್ಚಿನಿಂದ ಒಂದೊಂದಾಗಿ ಓದಿದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಾದಾಪುರದಲ್ಲಿ ಬಂಡೆ ಒಡೆದು ಒಂದರ ಪಕ್ಕ ಒಂದು ಗಾಜಿನ ಕಟ್ಟಡ ಎಬ್ಬಿಸುತ್ತಿದ್ದ ವರ್ಷಗಳವು. ಅಂಥ ಒಂದು ಕಟ್ಟಡದ ನಾಲ್ಕನೇ ಮಹಡಿಯಲ್ಲಿ, ಯಾವುದೋ ದೇಶದ ವಿಮಾ ಕಂಪನಿಯ ತಂತ್ರಾಂಶದಲ್ಲಿ ತಪ್ಪು ಹುಡುಕುವುದು ನನ್ನ ನೌಕರಿ. ಮನೆ ಸಿಕಂದರಾಬಾದಿನ ಆಚೆ, ಕುಷಾಯಿಗೂಡದಲ್ಲಿ. ಅಪ್ಪ ಅಲ್ಲಿನ ಸರಕಾರಿ ಕಾರ್ಖಾನೆಯ ಕೆಲಸಕ್ಕೆಂದು ಬೀದರ್ ಕಡೆಯಿಂದ ಬಂದು ನಿಂತವರು. ಊರಿನ ಆ ತುದಿಯಿಂದ ಈ ತುದಿಗೆ ಕಂಪನಿಯ ಕ್ಯಾಬಿನಲ್ಲಿ ಒಂದೂವರೆ ತಾಸು. ಹೊಟ್ಟೆಪಾಡು ಅದಾಯಿತು. ನನ್ನ ಜೀವ ಇದ್ದದ್ದು ಬೇರೊಂದು ಕಡೆ. ಕಂಪ್ಯೂಟರಿನ ಪರದೆಯ ಮೇಲೆ ನಮ್ಮ ಲಿಪಿಗಳನ್ನು ನೆಟ್ಟಗೆ ಮೂಡಿಸುವ ಒಂದು ಓಪನ್ ಸೋರ್ಸ್ ತಂತ್ರಾಂಶ ಇತ್ತು. ಯಾರ ಒಡೆತನವೂ ಇಲ್ಲದ, ಯಾರು ಬೇಕಾದರೂ ತೆರೆದು ತಿದ್ದಬಹುದಾದ ತಂತ್ರಾಂಶ. ಆಗೆಲ್ಲ ಪರದೆಯ ಮೇಲೆ ಕನ್ನಡ ತೆರೆದರೆ ಒತ್ತಕ್ಷರ ಒಂದು ಕಡೆ, ಅದರ ಅಕ್ಷರ ಇನ್ನೊಂದು ಕಡೆ. ಅದನ್ನು ಸರಿ ಮಾಡುವ ಹುಚ್ಚು ನನಗೆ ಹತ್ತಿತ್ತು. ಬೆಳಿಗ್ಗೆ ಐದಕ್ಕೆದ್ದು ಕ್ಯಾಬ್ ಬರುವವರೆಗೆ ಅದನ್ನೇ ಮಾಡುತ್ತಿದ್ದೆ.

ಇಂಥ ತಿದ್ದುಪಡಿಯ ತುಣುಕಿಗೆ ಪ್ಯಾಚ್ ಎನ್ನುತ್ತಿದ್ದರು. ಅದನ್ನು ಲಿಸ್ಟಿಗೆ ಕಳಿಸಬೇಕು. ಲಿಸ್ಟ್ ಎಂದರೆ ಕೆಲಸಕ್ಕೆ ಸೇರಿದವರೆಲ್ಲರಿಗೂ ಒಟ್ಟಿಗೆ ಪತ್ರ ತಲುಪಿಸುವ ಒಂದೇ ಇಮೇಲ್ ವಿಳಾಸ. ಅಲ್ಲಿ ಎಲ್ಲರೆದುರು ನಮ್ಮ ಪ್ಯಾಚ್‌ನ ಚರ್ಮ ಸುಲಿಯುತ್ತಿದ್ದರು. ಪದ್ಧತಿಯೇ ಹಾಗೆ. ಸುಲಿಸಿಕೊಂಡೂ ಓಡಿಹೋಗದವರು ಬರುಬರುತ್ತ ಬೇರೆಯವರದನ್ನು ಸುಲಿಯುವಷ್ಟು ದೊಡ್ಡವರಾಗುತ್ತಿದ್ದರು. ಅವರಲ್ಲಿ ನಾಲ್ಕೈದು ಜನರ ಹತ್ತಿರ ಮಾತ್ರ ಕೀಲಿ ಇರುತ್ತಿತ್ತು, ಅಂದರೆ ಯಾರನ್ನೂ ಕೇಳದೆ ತಿದ್ದುಪಡಿಯನ್ನು ನೇರವಾಗಿ ಸೇರಿಸುವ ಹಕ್ಕು. ಕನ್ನಡದ ಭಾಗಕ್ಕೆ ಕೀಲಿ ಹಿಡಿದವರು ಯಾರೂ ಇರಲಿಲ್ಲ. ಆ ಕೀಲಿ ನನಗೆ ಬೇಕಾಗಿತ್ತು. ನನ್ನ ಓರಗೆಯವರು ಅಮೆರಿಕದ ವೀಸಾಕ್ಕೆ ಹರಕೆ ಹೊತ್ತರೆ ನಾನು ಇದಕ್ಕೆ ಹೊತ್ತಿದ್ದೆ.

ನಾನು ಭಾಯಿ ಆದದ್ದು ಆಕಸ್ಮಿಕ. ನನ್ನ ಹೆಸರಿನ ಇಮೇಲ್ ವಿಳಾಸವನ್ನು ಬೇರೆ ಯಾರೋ ಆಗಲೇ ತೆಗೆದುಕೊಂಡಿದ್ದರು, ಹಾಗಾಗಿ ಎರಡು ಇನಿಶಿಯಲ್ಲು, ಮುಂದೆ ಮನೆತನದ ಹೆಸರು ಹಾಕಿದೆ. ಅದನ್ನು ನೋಡಿದವರು ಗಂಡಸೆಂದುಕೊಂಡರು. ಭಾಯಿ ಆಗಿ ಉಳಿದದ್ದು ಮಾತ್ರ ಆಕಸ್ಮಿಕವಲ್ಲ. ಕಾಲೇಜಿನ ಲ್ಯಾಬಿನಲ್ಲಿ ಹುಡುಗರು ಕೀಬೋರ್ಡಿನ ಮುಂದೆ ಕೂರುತ್ತಿದ್ದರು, "ನಿಮ್ಮ ಅಕ್ಷರ ಚೆನ್ನಾಗಿದೆ" ಎಂದು ಹುಡುಗಿಯರ ಕೈಗೆ ರೆಕಾರ್ಡ್ ಪುಸ್ತಕ ಕೊಡುತ್ತಿದ್ದರು. ನಾಲ್ಕು ವರ್ಷ ನಾನು ಚಂದದ ಅಕ್ಷರದಲ್ಲಿ ಬೇರೆಯವರ ಕೆಲಸ ಬರೆದಿದ್ದೇನೆ. ಹಾಗಾಗಿ ಲಿಸ್ಟಿನಲ್ಲಿ ಯಾರೋ ಒಬ್ಬ "ಭಾಯಿ, ಓದಿಕೊಂಡು ಬಾ" ಎಂದು ಬೈದಾಗ ನನಗೆ ಬೇಸರವಾಗಲಿಲ್ಲ. ನನ್ನ ಕೆಲಸಕ್ಕೆ ಸಿಕ್ಕ ಮೊದಲ ನೇರವಾದ ಬೈಗುಳ ಅದು. ಓದಿಕೊಂಡು ಬಂದೆ. ಎರಡನೆಯದನ್ನೂ ಸುಲಿದರು. ಹತ್ತನೆಯದನ್ನು ತೆಗೆದುಕೊಂಡರು.

ಗಂಡಸರ ನಡುವೆ ಗಂಡಸಾಗಿ ಇರುವುದಕ್ಕೆ ಬೆಲೆಯೂ ಇತ್ತು. ಹೆಂಗಸರು ಕೋಡ್ ಬರೆಯುವ ಬಗ್ಗೆ, ಹೆಂಡತಿಯರ ಬಗ್ಗೆ ಅಲ್ಲಿ ಕುಚೋದ್ಯದ ಮಾತುಗಳು ಓಡಾಡುತ್ತಿದ್ದವು. ಒಮ್ಮೆ ಅಂಥದ್ದೊಂದಕ್ಕೆ ನಾನೂ ನಗುವ ಮುಖ ಹಾಕಿ ಉತ್ತರ ಕಳಿಸಿದ್ದೆ. ಹಾಕದಿದ್ದರೆ ಅನುಮಾನ ಬರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅನುಮಾನ ಯಾರಿಗೂ ಇರಲಿಲ್ಲ.

ಮೂರು ವರ್ಷ ಹೀಗೆ ಕಳೆಯಿತು. ಲಿಸ್ಟ್ ಶುರು ಮಾಡಿದವರು ಒಬ್ಬ ಕಾಲೇಜು ಮೇಷ್ಟ್ರು, ನಾವೆಲ್ಲ ಸರ್ ಎನ್ನುತ್ತಿದ್ದೆವು. ಅವರೇ ಒಮ್ಮೆ "ಮುಂದಿನ ಕೀಲಿ ನಿನಗೇ, ಭಾಯಿ" ಎಂದು ಬರೆದರು. ಆ ಪತ್ರವನ್ನು ಆಫೀಸಿನಲ್ಲಿ ಪ್ರಿಂಟ್ ತೆಗೆದು ಪರ್ಸಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೆ. ಅಷ್ಟರಲ್ಲಿ ಅವಳು ಬಂದಳು.

ರಾಯಚೂರಿನವಳು, ಮಾದಾಪುರದಲ್ಲೇ ನೌಕರಿ, ಲೇಡೀಸ್ ಹಾಸ್ಟೆಲಿನಲ್ಲಿ ವಾಸ. ಇದನ್ನೆಲ್ಲ ಅವಳೇ ಮೊದಲ ಪತ್ರದಲ್ಲಿ ಬರೆದಿದ್ದಳು, ಕೆಳಗೆ ತನ್ನ ಪೂರ್ತಿ ಹೆಸರು. ಯಾರು ನೋಡಿದರೂ ಹೆಣ್ಣಿನ ಹೆಸರೆಂದು ತಿಳಿಯುವ ಹೆಸರು. ಅವಳ ಪ್ಯಾಚ್ ಕೂಡ ಕನ್ನಡದ ಒತ್ತಕ್ಷರದ್ದೇ. ನನ್ನ ಹೊಲದಲ್ಲಿ ಬಂದು ಬಿತ್ತಿದ ಹಾಗೆ. ಪ್ಯಾಚ್ ಸಾಧಾರಣವಾಗಿತ್ತು, ಮೇಲಾಗಿ ತಪ್ಪುಗಳಿದ್ದವು. ಆದರೂ ಹನ್ನೊಂದು ಜನ! "ಸ್ವಾಗತ", "ಲಿಸ್ಟಿನಲ್ಲಿ ಒಬ್ಬ ಮಹಿಳೆಯನ್ನು ನೋಡಿ ಸಂತೋಷ", "ಏನೇ ಸಹಾಯ ಬೇಕಾದರೂ ಕೇಳಿ". ನನಗೆ ಓದಿಕೊಂಡು ಬಾ ಎಂದವನೇ ಅವಳಿಗೆ ಒಂದೂವರೆ ಪುಟ ಪಾಠ ಬರೆದಿದ್ದ. ನಾನು ಆ ಒಂದೂವರೆ ಪುಟವನ್ನು ಓದಿದೆ. ಅದರಲ್ಲಿದ್ದ ಒಂದೊಂದು ವಿಷಯವನ್ನೂ ನಾನು ತಿಂಗಳುಗಟ್ಟಲೆ ಒದ್ದಾಡಿ ಕಲಿತಿದ್ದೆ.

ಹನ್ನೊಂದರಲ್ಲಿ ಒಬ್ಬ ಮದುವೆಯಾಗಿದೆಯೇ ಎಂದು ಕೇಳಿದ್ದ. ಇನ್ನೊಬ್ಬ ಫೋಟೊ ಇದೆಯೇ ಎಂದಿದ್ದ. ಅದು ಕೆಟ್ಟದ್ದು ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಹೊಟ್ಟೆಕಿಚ್ಚಿನವರ ಲೆಕ್ಕದಲ್ಲಿ ಅವೂ ಎರಡು ಉತ್ತರಗಳೇ. ಅವಳು ಆ ಇಬ್ಬರಿಗೂ ಎಲ್ಲರೆದುರೇ ಒಂದೇ ಸಾಲು ಬರೆದಳು: "ನನ್ನ ಕೋಡಿನ ಬಗ್ಗೆ ಕೇಳಿ, ಹೇಳುತ್ತೇನೆ." ಮುಗಿಯಿತು. ನನಗೆ ಆ ಹನ್ನೊಂದು ಉತ್ತರಗಳಿಗಿಂತ ಹೆಚ್ಚು ಉರಿದದ್ದು ಆ ಸಾಲು ಓದಿದಾಗ. ಕಾಲೇಜಿನ ಲ್ಯಾಬಿನಲ್ಲಿ ನಾನು ಹೇಳಬೇಕಾಗಿದ್ದ, ಹೇಳದೆ ನುಂಗಿದ್ದ ಮಾತು ಅದು. ಇವಳಿಗೆ ಅದು ಎಷ್ಟು ಸಲೀಸಾಗಿ ಬಂತು!

ಅವಳು ಬಿಡದೆ ಕೆಲಸ ಮಾಡಿದಳು. ಎರಡು ತಿಂಗಳಲ್ಲಿ ಪ್ಯಾಚ್‌ಗಳು ಸುಧಾರಿಸಿದವು. ಸರ್ ಅವಳನ್ನೂ ಹೊಗಳತೊಡಗಿದರು. ನಾನು ಅವಳ ಪ್ರತಿಯೊಂದು ಪ್ಯಾಚ್‌ನಲ್ಲೂ ಮೊಸರಲ್ಲಿ ಕಲ್ಲು ಹುಡುಕುತ್ತಿದ್ದೆ. ಒಂದು ಬೆಳಿಗ್ಗೆ ನಿಜವಾದ ಕಲ್ಲೇ ಸಿಕ್ಕಿತು. ಒತ್ತಕ್ಷರ ಮೇಲಿನ ಅಕ್ಷರದಿಂದ ಎಷ್ಟು ಕೆಳಗಿರಬೇಕು ಎಂಬುದನ್ನು ಅಕ್ಷರದ ಗಾತ್ರದಿಂದ ಲೆಕ್ಕ ಹಾಕಬೇಕು. ಅವಳು ಕಣ್ಣಿಗೆ ಸರಿ ಕಂಡಷ್ಟು ಒಂದು ಅಂಕಿಯನ್ನು ಹಾಗೇ ಬರೆದುಬಿಟ್ಟಿದ್ದಳು. ಎರಡು ಸಾಲಿನಲ್ಲಿ ತಿಳಿಸಿ ಹೇಳಬಹುದಾದ ತಪ್ಪು. ನಾನು ತಿಳಿಸಿದೆ, ಆಮೇಲೆ ಮೂರನೆಯ ಸಾಲು ಸೇರಿಸಿದೆ: "ಇದು ಅಡುಗೆಮನೆಯಲ್ಲ. ಉಪ್ಪು ಹಾಕುವ ಅಂದಾಜಿನಲ್ಲಿ ಇಲ್ಲಿ ಅಂಕಿ ಹಾಕಬೇಡಿ."

ಕೆಳಗೆ ಕ್ಯಾಬ್ ಹಾರ್ನ್ ಹೊಡೆಯುತ್ತಿತ್ತು. ಅವಸರದಲ್ಲಿ ಕಳಿಸಿದೆ ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದುಂಟು. ಅದು ಸುಳ್ಳು. ಇಂಥದ್ದೇ ಮಾತನ್ನು ಲ್ಯಾಬಿನಲ್ಲಿ ಒಬ್ಬ ನನಗೆ ಅಂದಿದ್ದ, ಅದು ಎಲ್ಲಿ ಹೋಗಿ ತಾಗುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬರೆದೆ.

ಮಧ್ಯಾಹ್ನ ಊಟದ ಹೊತ್ತಿಗೆ ಲಿಸ್ಟ್ ನೋಡಿದರೆ ಹೊತ್ತಿಕೊಂಡು ಉರಿಯುತ್ತಿತ್ತು. ಕೆಲವರು ನನಗೆ ಛೀಮಾರಿ ಹಾಕಿದ್ದರು. ಹೆಚ್ಚಿನವರು ನನ್ನ ಪರ. "ಭಾಯಿ ಹೇಳಿದ್ದರಲ್ಲಿ ತಪ್ಪೇನು?", "ಹೆಂಗಸರಿಗೆ ತಡೆದುಕೊಳ್ಳಲು ಆಗದಿದ್ದರೆ ಬರಬಾರದು", "ಭಾಯಿ, ಸರಿಯಾಗಿ ಕೊಟ್ಟೆ". ಫೋಟೊ ಕೇಳಿದ್ದವನು ನನ್ನ ಬೆನ್ನು ತಟ್ಟಿದ್ದ. ಮೂರು ವರ್ಷದಲ್ಲಿ ನನಗೆ ಒಂದೇ ದಿನ ಅಷ್ಟು ಉತ್ತರ ಬಂದದ್ದು ಅದೇ ಮೊದಲು. ಊಟದ ಡಬ್ಬಿ ತೆರೆಯುವ ಮನಸ್ಸಾಗಲಿಲ್ಲ. ಅವಳ ಉತ್ತರ ಎಲ್ಲಕ್ಕಿಂತ ಕೊನೆಗೆ ಬಂತು: "ಉಪ್ಪಿನ ಮಾತು ಇರಲಿ. ಲೆಕ್ಕ ಹಾಕುವ ವಿಧಾನ ತಿಳಿಸಿದ್ದಕ್ಕೆ ಧನ್ಯವಾದ. ತಿದ್ದಿ ಕಳಿಸಿದ್ದೇನೆ." ತಿದ್ದಿದ್ದು ಸರಿಯಾಗಿತ್ತು.

ಮರುದಿನ ಬೆಳಿಗ್ಗೆ ಅವ್ವ ಪುಂಡಿಪಲ್ಯಕ್ಕೆ ಉಪ್ಪು ಹಾಕುತ್ತ ನಿಂತಿದ್ದಳು. ನನಗೆ ಯಾರಿಗಾದರೂ ಹೇಳಬೇಕಾಗಿತ್ತು, ಹೇಳುವ ಧೈರ್ಯ ಇರಲಿಲ್ಲ. ಹಾಗಾಗಿ ಅರ್ಧ ಹೇಳಿದೆ.

"ನಾ ಕೆಲಸ ಮಾಡೂ ಲಿಸ್ಟಿನ್ಯಾಗ ಒಬ್ಬಾಂವ ಒಂದು ಹುಡುಗಿಗೆ ಹಿಂಗ ಬರದಾನ ಬೇ. ಅಡಿಗಿ ಮನ್ಯಾಗ ಉಪ್ಪು ಹಾಕಿದಂಗ ಅಂದಾಜಿನ ಮ್ಯಾಲೆ ಮಾಡಬ್ಯಾಡ ಅಂತ."

ಅವ್ವನ ಕೈ ನಿಂತಿತು. "ಯಾಂವ ಅಂವ?"

"ಇದ್ದಾನ ಒಬ್ಬಾಂವ."

"ಅಂದಾಜು ಅಂದ್ರ ಅವಗ ಏನು ಗೊತ್ತೈತಿ? ಮೂವತ್ತು ವರ್ಷ ಆತು ಈ ಮನ್ಯಾಗ, ಒಂದು ದಿನ ಉಪ್ಪು ಹೆಚ್ಚಾತು ಅಂತ ನಿಮ್ಮಪ್ಪ ಅಂದಿಲ್ಲ. ಆ ಮೂಳಗ ಅವ್ವ ಅನ್ನಾಕಿ ಇಲ್ಲೇನು? ಯಾರ ಕೈಲೆ ಉಂಡು ಬೆಳದಾನಂತ ಕೇಳು."

ನಾನು ತಲೆ ತಗ್ಗಿಸಿ ಡಬ್ಬಿಗೆ ಪಲ್ಯ ಹಾಕಿಕೊಂಡೆ. "ಕೇಳು, ಬಿಡಬ್ಯಾಡ" ಎಂದು ಅವ್ವ ಬಾಗಿಲವರೆಗೆ ಬಂದು ಮತ್ತೊಮ್ಮೆ ಹೇಳಿದಳು.

ಆ ವಾರವೇ ರಾಯಚೂರಿನವಳು ಲಿಸ್ಟಿಗೆ ಒಂದು ಕರಡು ಕಳಿಸಿದಳು. ಇಲ್ಲಿ ನಾವು ಒಬ್ಬರೊಡನೊಬ್ಬರು ಹೇಗೆ ಮಾತಾಡಬೇಕು ಎಂಬುದರ ನಿಯಮಗಳು. ಎದುರಿಗಿರುವವರು ಗಂಡಸೇ ಎಂದು ಊಹಿಸಿಕೊಂಡು ಭಾಯಿ, ಸರ್ ಎನ್ನಬೇಡಿ; ಹೇಗೆ ಕರೆಯಬೇಕೆಂದು ಅವರನ್ನೇ ಕೇಳಿ. ಕೆಲಸದ ತಪ್ಪನ್ನು ಎಷ್ಟು ಬೇಕಾದರೂ ಹೇಳಿ, ಮಾಡಿದವರ ಹುಟ್ಟಿನ ಮೇಲೆ ಹೋಗಬೇಡಿ. ಹೊಸಬರು ದಡ್ಡ ಪ್ರಶ್ನೆ ಕೇಳಿದರೆ ನಗಬೇಡಿ, ನೀವೂ ಕೇಳಿದ್ದಿರಿ. ಹೀಗೆ ಒಂದು ಪುಟ. 'ಹೀಗೆ ಬರೆಯಬಾರದು' ಎಂಬುದಕ್ಕೆ ಉದಾಹರಣೆಯಾಗಿ ನನ್ನ ಉಪ್ಪಿನ ಸಾಲನ್ನು ಹಾಕಿದ್ದಳು, ನನ್ನ ಹೆಸರಿರಲಿಲ್ಲ. ಹೆಸರು ಯಾರಿಗೆ ಗೊತ್ತಿರಲಿಲ್ಲ?

ನಾಚಿಕೆಯಾಯಿತು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಆದದ್ದು ನಾಚಿಕೆಗಿಂತ ಹೊಟ್ಟೆಯುರಿಯೇ. ಆ ಪುಟದ ಒಂದೊಂದು ನಿಯಮವೂ ಮೂರು ವರ್ಷ ನನ್ನ ಮೈಮೇಲೆ ಹಾದುಹೋಗಿತ್ತು. ನಾನು ಬರೆಯಬೇಕಾಗಿದ್ದ ಪುಟ ಅದು. ಅವಳು ಮೂರು ತಿಂಗಳಲ್ಲಿ ಬಂದು ಬರೆದಳು, ನಾನು ಅದರಲ್ಲಿ ಕೆಟ್ಟ ಉದಾಹರಣೆಯಾಗಿ ಕೂತೆ. ಸರ್ ನಿಯಮಗಳಿಗೆ ಒಪ್ಪಿದರು. ಗೊಣಗುತ್ತಲೇ ಉಳಿದವರೂ ಒಪ್ಪಿದರು. ನನ್ನ ಪರ ನಿಂತಿದ್ದ ಒಬ್ಬಿಬ್ಬರು ಲಿಸ್ಟ್ ಬಿಟ್ಟುಹೋದರು, ಹೋಗುವಾಗ "ಭಾಯಿ, ನೀನೂ ಬಾ" ಎಂದು ನನ್ನನ್ನು ಕರೆದರು.

ಅದಾದ ಮೇಲೆ ಸರ್ ಪತ್ರ ಬರೆದರು. ಸಿಕಂದರಾಬಾದಿನ ಒಂದು ಕಾಲೇಜಿನಲ್ಲಿ ಭಾನುವಾರ ಎಲ್ಲರೂ ಸೇರುವುದು. ಕನ್ನಡದ ಕೀಲಿ ಅಲ್ಲಿಯೇ ಕೊಡುವುದು, ಈ ಸಲವಾದರೂ ಬಾ ಎಂದು. ವರ್ಷಕ್ಕೊಮ್ಮೆ ನಡೆಯುವ ಈ ಕೂಟಕ್ಕೆ ನಾನು ಜ್ವರ, ಮದುವೆ, ಆಫೀಸು ಎಂದು ಮೂರೂ ಸಲ ತಪ್ಪಿಸಿಕೊಂಡಿದ್ದೆ. ಈ ಸಲ ತಪ್ಪಿಸಿಕೊಳ್ಳುವಂತಿರಲಿಲ್ಲ. ಕೀಲಿ ಕೊಡುವುದಕ್ಕೆ ನಮ್ಮಲ್ಲಿ ಒಂದು ಪದ್ಧತಿ ಇತ್ತು. ಇಮೇಲಿನ ಹಿಂದೆ ಯಾರಿದ್ದಾರೋ ಯಾರಿಗೆ ಗೊತ್ತು? ಹಾಗಾಗಿ ಕೀಲಿ ಪಡೆಯುವವರು ಎದುರಿಗೆ ಬಂದು ಮುಖ ತೋರಿಸಬೇಕು, ಫೋಟೊ ಇರುವ ಗುರುತಿನ ಚೀಟಿ ತೋರಿಸಬೇಕು, ಇನ್ನೊಬ್ಬರು ಅದನ್ನು ಹಿಡಿದು ನೋಡಿ ಹೌದು ಎನ್ನಬೇಕು. ಹೋದರೆ ಭಾಯಿ ಸಾಯುತ್ತಾನೆ, ಹೋಗದಿದ್ದರೆ ಕೀಲಿ ಅವಳ ಪಾಲಾಗುತ್ತದೆ. ಅವಳ ಪಾಲಾಗುವುದನ್ನು ನಾನು ಸಹಿಸಲಾರೆ. ನಿಜ ಹೇಳಬೇಕೆಂದರೆ ನನ್ನನ್ನು ಆ ದಿನ ಮನೆಯಿಂದ ಹೊರಡಿಸಿದ್ದು ಸತ್ಯದ ಮೇಲಿನ ಪ್ರೀತಿಯಲ್ಲ.

ಕಾಲೇಜಿನ ವರಾಂಡದಲ್ಲಿ ಒಂದು ಮೇಜು, ಮೇಜಿನ ಹಿಂದೆ ಒಬ್ಬ ಹುಡುಗಿ. ಬಣ್ಣ ಮಾಸಿದ ಹಸಿರು ಚೂಡಿದಾರ, ಕೈಯಲ್ಲಿ ಹೆಸರುಗಳ ಪಟ್ಟಿ. ಅವಳೇ ಎಂದು ನೋಡಿದ ಕೂಡಲೇ ಗೊತ್ತಾಯಿತು. ನಾನು ಅಂದುಕೊಂಡಿದ್ದಕ್ಕಿಂತ ಗಿಡ್ಡ, ನಾನು ಅಂದುಕೊಂಡಿದ್ದಕ್ಕಿಂತ ಚಂದ. ಹಿಂದಿಯಲ್ಲಿ ಮಾತು ಶುರು ಮಾಡಿದವಳು ನನ್ನ ಉತ್ತರದ ಧಾಟಿ ಕೇಳಿ ಮುಖ ಅರಳಿಸಿದಳು.

"ಕನ್ನಡದವರೇನ್ರಿ? ಬರ್ರಿ, ಬರ್ರಿ. ಮೊದಲನೇ ಸಲ ಬರಾಕತ್ತೀರೇನು?"

"ಹೂಂರಿ."

"ಹೆದರಬ್ಯಾಡ್ರಿ. ಮೊದಲಿನಂಗಿಲ್ಲ, ಈಗ ಭಾಳ ಸುಧಾರಿಸೈತಿ. ಯಾರರ ಏನರ ಅಂದ್ರ ನನಗ ಹೇಳ್ರಿ." ನಿಯಮಗಳ ಹಾಳೆ ಒಂದನ್ನು ನನ್ನ ಕೈಗಿಟ್ಟಳು. "ಇದು ಓದ್ರಿ. ಈ ಉಪ್ಪಿನ ಮಾತು ನನಗ ಅಂದದ್ದು."

ಏನಾದರೂ ಹೇಳಬೇಕಲ್ಲ ಎಂದು ಕೇಳಿದೆ, "ಯಾರು ಅಂದದ್ದು?"

"ಅವರೂ ಇವತ್ತು ಬರಾಕತ್ತಾರ. ಬಾಯಿ ಕೆಟ್ಟದ್ದು, ಕೆಲಸ ಮಾತ್ರ ಭಾಳ ಛಲೋರಿ. ಅವರ ಮೂರು ವರ್ಷದ ಪ್ಯಾಚ್ ಎಲ್ಲಾ ಕೂತು ಓದೀನಿ, ಹಂಗ ಓದೇ ನಾ ಕಲತದ್ದು. ಅವರಂಗ ಮಾಡಬೇಕಂತ ನನಗ ಭಾಳ ಆಸೆ."

ಮನುಷ್ಯರ ಮನಸ್ಸು ಎಂಥ ಕೊಚ್ಚೆ ನೋಡಿ. ಆ ಕ್ಷಣದಲ್ಲಿ ನನಗೆ ಆ ಭಾಯಿಯ ಮೇಲೆಯೇ ಹೊಟ್ಟೆಕಿಚ್ಚಾಯಿತು. ನನ್ನ ಮೂರು ವರ್ಷದ ಬೆಳಗುಗಳೆಲ್ಲ ಅವನ ಹೆಸರಿಗೆ ಜಮೆಯಾಗಿದ್ದವು. ಅವನನ್ನು ಓದಿ ಅವಳು ಕಲಿತಿದ್ದಳು, ಅವನಂತೆ ಆಗಬೇಕೆಂದಿದ್ದಳು. ನನಗೆ ಕೊಟ್ಟದ್ದು ಹೆದರಬೇಡ ಎಂಬ ಸಮಾಧಾನ.

"ನಿಮ್ಮ ಕಾರ್ಡು ತೋರಸ್ರಿ, ಪಟ್ಟಿಯೊಳಗ ಗುರುತು ಹಾಕತೀನಿ" ಎಂದಳು.

ಡ್ರೈವಿಂಗ್ ಲೈಸೆನ್ಸ್ ಕೊಟ್ಟೆ. ಮೊದಲು ಫೋಟೊ, ಆಮೇಲೆ ನನ್ನ ಮುಖ, ಆಮೇಲೆ ಹೆಸರು ನೋಡಿದಳು. ಅವಳ ಪೆನ್ನು ಪಟ್ಟಿಯ ಮೇಲೆ ಕೆಳಗಿಳಿಯುತ್ತ ಬಂದು ನನ್ನ ಮನೆತನದ ಹೆಸರಿನ ಹತ್ತಿರ ನಿಂತಿತು.

"ನೀವ?"

"ಹೂಂ."

"ಇದನ್ನ ಬರದಾಕೀ ನೀವ?" ಹಾಳೆಯ ಮೇಲೆ ಬೆರಳಿಟ್ಟು ಕೇಳಿದಳು.

"ನಾನರಿ. ತಪ್ಪಾತು. ನಿಮ್ಮ ಮ್ಯಾಲೆ ಹೊಟ್ಟಿಕಿಚ್ಚಾಗಿತ್ತು, ಅದಕ್ಕ ಬರದೆ." ದಾರಿಯುದ್ದಕ್ಕೂ ಬೇರೆ ಮಾತು ಜೋಡಿಸಿಕೊಂಡು ಬಂದಿದ್ದೆ. ಬಾಯಿಗೆ ಬಂದದ್ದು ಇಷ್ಟೇ.

ಅವಳು ಕಾರ್ಡನ್ನು ಮೇಜಿನ ಮೇಲೆ ಮೆಲ್ಲಗಿಟ್ಟು ನನ್ನ ಕಡೆ ಸರಿಸಿದಳು. "ಗಂಡಸು ಬರದಾನ ಅಂತ ತಿಳದು ನಾ ಎರಡು ದಿನದಾಗ ಮರತಿದ್ದೆ. ಅಂಥವರನ್ನ ಭಾಳ ಮಂದಿನ್ನ ನೋಡೀನಿ. ಇನ್ನ ಮರಿಯಾಕ ಆಗೂದಿಲ್ರಿ." ಕೋಪ ಮಾಡಿಕೊಂಡು ಹೇಳಲಿಲ್ಲ. ನನ್ನ ಹೆಸರಿನ ಮುಂದೆ ಗುರುತು ಹಾಕಿ, ನನ್ನ ಹಿಂದೆ ನಿಂತವರ ಕಡೆ ತಿರುಗಿ ನಮಸ್ಕಾರ ಎಂದಳು.

ಒಳಗೆ ಸರ್ ನನ್ನನ್ನು ನೋಡಿ, ನನ್ನ ಹೆಸರು ಕೇಳಿ, ಕುರ್ಚಿ ಬಿಟ್ಟು ಎದ್ದರು. ಆಮೇಲೆ "ಮೇಡಂ, ಬನ್ನಿ, ಕೂತುಕೊಳ್ಳಿ" ಎಂದರು. ಒಂದೇ ಉಸಿರಿನಲ್ಲಿ ನಾನು ಭಾಯಿಯಿಂದ ಮೇಡಂ ಆದೆ, ನೀನು ಹೋಗಿ ನೀವು ಬಂತು, ಎರಡರಲ್ಲೂ ನನ್ನ ಹೆಸರಿರಲಿಲ್ಲ. ಇಪ್ಪತ್ತೈದು ಜನ ತಿರುಗಿ ನೋಡಿದರು. ಸರಿಯಾಗಿ ಕೊಟ್ಟೆ ಎಂದು ನನಗೆ ಬರೆದವರು ಅವರಲ್ಲಿ ಯಾರೋ ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ಎಲ್ಲರೂ ಮತ್ತೆ ತಮ್ಮ ತಮ್ಮ ಲ್ಯಾಪ್‌ಟಾಪ್ ನೋಡತೊಡಗಿದ್ದರು.

ಕೊನೆಗೆ ಕನ್ನಡದ ಕೀಲಿಯ ಮಾತು ಬಂತು. ಸರ್ ಗಂಟಲು ಸರಿ ಮಾಡಿಕೊಂಡು ಹೇಳಿದರು. ಕೆಲಸದ ಬಗ್ಗೆ ತಮ್ಮ ತಕರಾರಿಲ್ಲ. ಆದರೆ ಹೊಸ ನಿಯಮ ಬಂದ ಮೇಲೆ ಇದು ಮೊದಲ ಕೀಲಿ, ಆ ಉಪ್ಪಿನ ಸಾಲಿನಿಂದ ಆದದ್ದು ಎಲ್ಲರಿಗೂ ಗೊತ್ತು. ಹಾಗಾಗಿ ಕನ್ನಡದ ಕೆಲಸ ಮಾಡುವವರೇ ತೀರ್ಮಾನಿಸಲಿ; ಇವರಿಗೆ ಕೊಡಬಹುದು ಎನ್ನುವವರು ಕೈ ಎತ್ತಲಿ. ಆ ಕೋಣೆಯಲ್ಲಿ ಕನ್ನಡದ ಕೆಲಸ ಮಾಡುವವರು ಇದ್ದದ್ದು ಇಬ್ಬರೇ, ನಾನು ಮತ್ತು ಅವಳು. ನನ್ನನ್ನು ಬಿಟ್ಟರೆ ಒಬ್ಬಳೇ. ಅವಳು ಸುಮ್ಮನೆ ಕೂತಿದ್ದರೆ ಸಾಕಾಗಿತ್ತು. ಕೀಲಿ ಇವತ್ತಲ್ಲ ನಾಳೆ ತಾನಾಗಿ ಅವಳ ಹತ್ತಿರ ಹೋಗುತ್ತಿತ್ತು, ಯಾರೂ ಅವಳನ್ನು ತಪ್ಪೆನ್ನುತ್ತಿರಲಿಲ್ಲ.

ಅವಳು ನನ್ನ ಕಡೆ ನೋಡಲಿಲ್ಲ. ಸರ್ ಕಡೆಗೇ ನೋಡುತ್ತ ಕೈ ಎತ್ತಿದಳು. ಅರ್ಧಂಬರ್ಧ ಅಲ್ಲ, ಶಾಲೆಯಲ್ಲಿ ಉತ್ತರ ಗೊತ್ತಿರುವ ಮಕ್ಕಳು ಎತ್ತುವ ಹಾಗೆ ನೆಟ್ಟಗೆ. "ಕೆಲಸ ಅವರದೇ" ಎಂದಳು, ಅಷ್ಟೇ.

ಚಪ್ಪಾಳೆ ಬಿತ್ತು. ಮೂರು ವರ್ಷ ಹರಕೆ ಹೊತ್ತದ್ದು ಸಿಕ್ಕಿತ್ತು, ಸರ್ ಏನೇನೋ ಹೇಳುತ್ತಿದ್ದರು. ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಅದು ಕೆಳಗಿಳಿದು, ಪೆನ್ನು ಹಿಡಿದು, ಏನನ್ನೋ ಬರೆದುಕೊಳ್ಳತೊಡಗಿತ್ತು. ಅವಳ ಮೊದಲ ಪತ್ರ ಬಂದ ದಿನದಿಂದ ಅವಳ ಮೇಲೆ ನಾನು ಎಷ್ಟೋ ಸಲ ಉರಿದಿದ್ದೇನೆ. ಆದರೆ ಆ ಕೈಯನ್ನು ನೋಡಿ ಉರಿದಷ್ಟು ಯಾವತ್ತೂ ಉರಿದಿರಲಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ನನ್ನ ಕೈ ಮೇಲೇಳುತ್ತಿರಲಿಲ್ಲ.